ಹಳೇ ಕಾರು, ಗಿಡ್ಡ ಸ್ಪ್ರಿಂಗು

ಕಾರಿನ ಚಕ್ರಕ್ಕೂ ಅದರ ಮೇಲಿನ ಫೆಂಡರಿಗೂ ನಡುವೆ ನಾಲ್ಕು ಬೆರಳು ಹೋಗುವಷ್ಟು ಖಾಲಿ ಜಾಗ ಕಂಡರೆ ಕೆಲವರಿಗೆ ರಾತ್ರಿ ನಿದ್ದೆ ಬರೋದಿಲ್ಲ. ನಾನೂ ಅದೇ ಜಾತಿಯವನು :-) ಹಾಗಾಗಿ ಇದನ್ನು "ಈಗಿನ ಹುಡುಗರು ಕೆಟ್ಟುಹೋದರು" ಅನ್ನೋ ಧಾಟಿಯ ಬರಹ ಅಂದುಕೊಳ್ಳಬೇಡಿ. ಹಳೇ ಕಾರೊಂದು ಎರಡು ಇಂಚು ನೆಲಕ್ಕೆ ಹತ್ತಿರ ಕೂತರೆ ಎಷ್ಟು ಚೆಂದ ಕಾಣುತ್ತೆ ಅಂತ ನನಗೆ ಗೊತ್ತು. ಆದರೂ ಹಳೇ ಕಾರಿಗೆ ಗಿಡ್ಡ ಸ್ಪ್ರಿಂಗ್ ಹುಡುಕುತ್ತಿರುವವರಿಗೆ ಒಂದು ಮಾತು ಹೇಳಬೇಕು ಅನ್ನಿಸಿದೆ. ಕಾರನ್ನು ತಗ್ಗಿಸುವ ಮೊದಲು ಅದನ್ನು ಅದರದೇ ಎತ್ತರಕ್ಕೆ ತನ್ನಿ. ನೂರಕ್ಕೆ ತೊಂಬತ್ತು ಸಲ ನಿಮಗೆ ಬೇಕಾಗಿದ್ದು ಅಲ್ಲೇ ಸಿಗುತ್ತದೆ ಅನ್ನೋದು ನನ್ನ ನಂಬಿಕೆ. ಉಳಿದ ಹತ್ತು ಸಲ ಮಾತ್ರ ಗಿಡ್ಡ ಸ್ಪ್ರಿಂಗಿನ ಮಾತು. ಇರೋ ಸ್ಪ್ರಿಂಗನ್ನೇ ಕತ್ತರಿಸೋದು ಮಾತ್ರ ಯಾವ ಸಲಕ್ಕೂ ಬೇಡ.

ಉದಾಹರಣೆಗೆ ನನ್ನ ಹತ್ತಿರ ಇರುವ ಕಾರನ್ನೇ ತಗೊಳ್ತೀನಿ, ಮಾರುತಿ ಎಸ್ಟೀಮ್. 1994ರಲ್ಲಿ ಬಂದು 2007ರಲ್ಲಿ ನಿಂತುಹೋದ ಕಾರು. ಅದಕ್ಕೂ ಮೊದಲು 1990ರಲ್ಲಿ ಇದೇ ಮೈಕಟ್ಟಿನಲ್ಲಿ ಮಾರುತಿ 1000 ಬಂದಿತ್ತು. ಹಗುರ ಮೈ, 1.3 ಲೀಟರ್ ಇಂಜಿನ್, ಮುಂದೆ ಹಿಂದೆ ಎರಡೂ ಕಡೆ ಸ್ವತಂತ್ರ ಸಸ್ಪೆನ್ಷನ್. ನಮ್ಮ ದೇಶದ ರ‍್ಯಾಲಿಗಳಲ್ಲಿ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಎಷ್ಟೋ ವರ್ಷ ಓಡಿದ ಕಾರು ಇದು. ಹಾಗಾಗಿಯೇ ಇವತ್ತಿಗೂ ಇದನ್ನು ಇಟ್ಟುಕೊಂಡಿರುವ ಹುಡುಗರಲ್ಲಿ ಅರ್ಧ ಜನಕ್ಕೆ ಒಂದೇ ಕನಸು: ಇದನ್ನು ಸ್ವಲ್ಪ ತಗ್ಗಿಸಬೇಕು.

ಸರಿ, ಹುಡುಕೋಕೆ ಹೊರಡಿ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೇಳಿದರೆ "ಲೋವರಿಂಗ್ ಸ್ಪ್ರಿಂಗಾ? ಈಗ್ ಯಾರ್ ತರಿಸ್ತಾರೆ ಸಾರ್ ಆ ಗಾಡಿಗೆ" ಅಂತಾರೆ. 2007ರಲ್ಲೇ ನಿಂತುಹೋದ ಕಾರಿಗೆ ಯಾರೂ ಸರಕು ಇಟ್ಟುಕೊಳ್ಳೋದಿಲ್ಲ, ಅವರ ತಪ್ಪಿಲ್ಲ ಬಿಡಿ. ಆಮೇಲೆ ಗ್ಯಾರೇಜಿಗೆ ಹೋದರೆ ಅಲ್ಲಿ ಉತ್ತರ ರೆಡಿ ಇರುತ್ತೆ: "ಒಂದ್ ಸುತ್ತು ಕಟ್ ಮಾಡ್ಬಿಡೋಣ ಸಾರ್, ಮಧ್ಯಾಹ್ನದೊಳಗೆ ಗಾಡಿ ತಗೊಂಡ್ ಹೋಗಿ." ಇನ್ನೂ ಧೈರ್ಯಸ್ಥರಾದರೆ ಕಾರಿನಲ್ಲಿ ಇದ್ದ ಹಾಗೇ ಸ್ಪ್ರಿಂಗಿಗೆ ಗ್ಯಾಸ್ ಕಟರ್ ಬೆಂಕಿ ತೋರಿಸಿ ಕುಗ್ಗಿಸಿ ಕೊಡ್ತಾರೆ.

ಇವೆರಡೂ ಯಾಕೆ ಬೇಡ ಅಂತ ಹೇಳೋದಕ್ಕೆ ಸ್ಪ್ರಿಂಗ್ ಅಂದರೆ ಏನು ಅಂತ ಒಂದು ನಿಮಿಷ ನೋಡೋಣ. ಇಂಜಿನಿಯರಿಂಗ್ ಓದಿ ಕೀಬೋರ್ಡ್ ಕುಟ್ಟುತ್ತಿರೋ ನನ್ನಂಥವನಿಗೆ ಓದಿದ್ದನ್ನು ಬಳಸೋಕೆ ಸಿಗೋ ಅಪರೂಪದ ಅವಕಾಶ ಇದು, ಸಹಿಸಿಕೊಳ್ಳಿ.

ಸುರುಳಿ ಸ್ಪ್ರಿಂಗ್ ಅಂದರೆ ಸುತ್ತಿಟ್ಟ ಒಂದು ಉಕ್ಕಿನ ಸರಳು. ಅದರ ಗಡಸುತನವನ್ನು ಮೂರು ಅಳತೆಗಳು ತೀರ್ಮಾನಿಸುತ್ತವೆ. ತಂತಿಯ ದಪ್ಪ, ಸುರುಳಿಯ ಅಗಲ, ಕೆಲಸ ಮಾಡುವ ಸುತ್ತುಗಳ ಸಂಖ್ಯೆ. ದಪ್ಪದ ಪ್ರಭಾವ ನಾಲ್ಕನೇ ಘಾತದ್ದು, ತಂತಿ ಶೇ. 10 ದಪ್ಪ ಆದರೆ ಸ್ಪ್ರಿಂಗ್ ಶೇ. 46ರಷ್ಟು ಗಡಸಾಗುತ್ತೆ. ಅಗಲ ಹೆಚ್ಚಾದಷ್ಟೂ ಮೆತ್ತಗೆ, ಅದು ಮೂರನೇ ಘಾತ. ಸುತ್ತು ಕಡಿಮೆ ಆದಷ್ಟೂ ಗಡಸು. ಐದು ಸುತ್ತಿನ ಸ್ಪ್ರಿಂಗಿನಲ್ಲಿ ಒಂದನ್ನು ಕತ್ತರಿಸಿದರೆ ಉಳಿದಿದ್ದು ಶೇ. 25 ಗಡಸಾಗುತ್ತೆ. "ಹಾಗಿದ್ರೆ ಒಳ್ಳೇದೇ ಅಲ್ವಾ, ಗಿಡ್ಡನೂ ಆಯ್ತು ಗಡಸೂ ಆಯ್ತು" ಅಂತ ಕತ್ತರಿಸುವವರು ವಾದಿಸೋದು ಇದನ್ನೇ ಹಿಡಿದುಕೊಂಡು.

ತೊಂದರೆ ಇರೋದು ಬೇರೆ ಕಡೆ. ಸ್ಪ್ರಿಂಗಿನ ತುದಿಗೆ ಕಾರ್ಖಾನೆಯಲ್ಲಿ ಒಂದು ಆಕಾರ ಕೊಟ್ಟಿರುತ್ತಾರೆ, ಕೂರುವ ಬಟ್ಟಲಿಗೆ ಸರಿಯಾಗಿ ಹೊಂದಲಿ ಅಂತ. ಕತ್ತರಿಸಿದ ತುದಿ ಅಲ್ಲಿ ಹೊಂದೋದಿಲ್ಲ, ಒಂದು ಮೂಲೆಯ ಮೇಲೆ ಭಾರ ಹಾಕಿ ಕೂರುತ್ತೆ. ಎರಡನೆಯದು, ಜಾಕ್ ಹಾಕಿ ಕಾರು ಎತ್ತಿದಾಗ ಅಥವಾ ಚಕ್ರ ಗುಂಡಿಯ ಮೇಲೆ ಗಾಳಿಯಲ್ಲಿ ನೇತಾಡಿದಾಗ ಶಾಕ್ ಅಬ್ಸಾರ್ಬರ್ ಪೂರ್ತಿ ಉದ್ದಕ್ಕೆ ಚಾಚಿಕೊಳ್ಳುತ್ತೆ. ಆಗಲೂ ಸ್ಪ್ರಿಂಗ್ ಎರಡೂ ಕಡೆ ಒತ್ತಿಕೊಂಡಿರಬೇಕು. ಕತ್ತರಿಸಿದ್ದು ಆ ಉದ್ದ ತಲುಪದೆ ಸಡಿಲವಾಗುತ್ತೆ. ಎಸ್ಟೀಮಿನ ಹಿಂದಿನ ಸ್ಪ್ರಿಂಗ್ ಶಾಕ್ ಅಬ್ಸಾರ್ಬರ್ ಸುತ್ತ ಇರೋದಿಲ್ಲ, ಪಕ್ಕದಲ್ಲಿ ಕೆಳಗಿನ ತೋಳಿನ ಮೇಲೆ ಕೂತಿರುತ್ತೆ. ಅದು ಸಡಿಲವಾದರೆ ಜಾಗ ತಪ್ಪೋಕೆ ದಾರಿ ಸಲೀಸು. ಇನ್ನು ಬೆಂಕಿ ತೋರಿಸೋದಂತೂ ಕೇಳಲೇಬೇಡಿ. ಸ್ಪ್ರಿಂಗ್ ಉಕ್ಕನ್ನು ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಹದಕ್ಕೆ ಕಾಯಿಸಿ ಆ ಗುಣ ತರಿಸಿರುತ್ತಾರೆ. ಗ್ಯಾಸ್ ಜ್ವಾಲೆ ಬಿದ್ದ ಜಾಗದಲ್ಲಿ ಆ ಹದ ಹೋಯ್ತು. ಕೆಲವು ಕಡೆ ಮೆತ್ತಗೆ, ಕೆಲವು ಕಡೆ ಪೆಡಸು. ಯಾವತ್ತು ಮುರಿಯುತ್ತೆ ಅನ್ನೋದಷ್ಟೇ ಪ್ರಶ್ನೆ.

ಹಾಗಾದರೆ ಸರಿಯಾಗಿ ತಯಾರಾದ ಗಿಡ್ಡ ಸ್ಪ್ರಿಂಗ್ ಸಿಕ್ಕರೆ? ಅಲ್ಲೂ ಒಂದು ಲೆಕ್ಕ ಇದೆ. ಗೆಳೆಯರಿಗೆ ಎಷ್ಟು ಸಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ :-)

ಲೆಕ್ಕ ಸುಲಭವಾಗಲಿ ಅಂತ ದುಂಡು ಅಂಕಿ ಇಟ್ಟುಕೊಳ್ಳೋಣ. ಪ್ರತಿ ಚಕ್ರದ ಮೇಲೆ 250 ಕೆ.ಜಿ. ಭಾರ. ಸ್ಪ್ರಿಂಗಿನ ಗಡಸುತನ ಪ್ರತಿ ಮಿ.ಮೀ.ಗೆ 20 ನ್ಯೂಟನ್, ಅಂದರೆ ಎರಡು ಕೆ.ಜಿ. ಇಟ್ಟರೆ ಒಂದು ಮಿಲಿಮೀಟರ್ ಕುಗ್ಗುತ್ತೆ. ಕಾರು ನಿಂತಿರುವಾಗ ಚಕ್ರ ಇನ್ನೂ 80 ಮಿ.ಮೀ. ಮೇಲೆ ಬರೋಕೆ ಜಾಗ ಇದೆ, ಆಮೇಲೆ ರಬ್ಬರಿನ ಬಂಪ್ ಸ್ಟಾಪಿಗೆ ಬಡಿಯುತ್ತೆ.

ಈಗ ಐದು ಜನ ಹತ್ತಿದರು. ಅರವತ್ತೈದು ಕೆ.ಜಿ.ಯಂತೆ 325 ಕೆ.ಜಿ. ನಾಲ್ಕು ಚಕ್ರಕ್ಕೆ ಹಂಚಿದರೆ ಒಂದಕ್ಕೆ ಸುಮಾರು 81 ಕೆ.ಜಿ., ಹತ್ತಿರ ಹತ್ತಿರ 800 ನ್ಯೂಟನ್. ಕಾರು 40 ಮಿ.ಮೀ. ಕೂತಿತು. ಉಳಿದಿದ್ದು 40 ಮಿ.ಮೀ. ಗುಂಡಿಗೂ ಹಂಪಿಗೂ ಅಷ್ಟು ಸಾಕು.

ಇದೇ ಕಾರನ್ನು 30 ಮಿ.ಮೀ. ತಗ್ಗಿಸಿ, ಶೇ. 25 ಗಡಸಾದ ಸ್ಪ್ರಿಂಗ್ ಹಾಕಿ. ಐದು ಜನ ಕೂತರೆ 32 ಮಿ.ಮೀ. ಕುಗ್ಗುತ್ತೆ. ಮೊದಲೇ ತಗ್ಗಿಸಿದ್ದು 30. ಎಂಬತ್ತರಲ್ಲಿ ಅರವತ್ತೆರಡು ಹೋಯ್ತು, ಉಳಿದಿದ್ದು ಬರೀ 18 ಮಿ.ಮೀ. ನಿಮ್ಮ ಕಿರುಬೆರಳಿನ ಅಗಲಕ್ಕಿಂತ ಸ್ವಲ್ಪ ಹೆಚ್ಚು! ನಿಜವಾಗಿ ಹಿಂದಿನ ಚಕ್ರಗಳ ಪಾಲಿಗೆ ಸರಾಸರಿಗಿಂತ ಹೆಚ್ಚು ಭಾರ ಬೀಳುತ್ತೆ, ಹಾಗಾಗಿ ಅಲ್ಲಿ ಇನ್ನೂ ಕಡಿಮೆ. ಹಿಂದೆ ಕೂತ ಅಮ್ಮ "ಏನೋ ಇದು, ಎತ್ತಿನ ಗಾಡೀನೇ ವಾಸಿ" ಅಂದರೆ ತಪ್ಪು ಅವರದ್ದಲ್ಲ. ಆ ಹೊತ್ತಿನಲ್ಲಿ ಅವರು ಕೂತಿರೋದು ಸ್ಪ್ರಿಂಗಿನ ಮೇಲಲ್ಲ, ಬಂಪ್ ಸ್ಟಾಪಿನ ಮೇಲೆ.

"ಹಾಗಿದ್ರೆ ಇನ್ನೂ ಗಡಸು ಸ್ಪ್ರಿಂಗ್ ಹಾಕೋಣ" ಅಂತೀರಾ? ಹಾಕಬಹುದು. 80 ಮಿ.ಮೀ.ನಲ್ಲಿ ನುಂಗುತ್ತಿದ್ದ ಹೊಡೆತವನ್ನು 50 ಮಿ.ಮೀ.ನಲ್ಲೇ ನುಂಗಬೇಕು ಅಂದರೆ ಸ್ಪ್ರಿಂಗ್ 2.56 ಪಟ್ಟು ಗಡಸಾಗಬೇಕು. ಮೊದಲು ಸೆಕೆಂಡಿಗೆ ಸುಮಾರು 1.4 ಸಲ ತೂಗುತ್ತಿದ್ದ ಕಾರು ಈಗ ಸುಮಾರು 2.3 ಸಲ ಕುಲುಕುತ್ತೆ. ಅದು ರೇಸ್ ಕಾರಿನ ಲೆಕ್ಕ, ಸೋಮವಾರ ಆಫೀಸಿಗೆ ಹೋಗೋ ಕಾರಿನದ್ದಲ್ಲ. ಮೇಲಾಗಿ ಅಷ್ಟು ಗಡಸು ಸ್ಪ್ರಿಂಗನ್ನು ಹಿಡಿಯೋಕೆ ಶಾಕ್ ಅಬ್ಸಾರ್ಬರ್ ಕೂಡ 1.6 ಪಟ್ಟು ಬಲವಾಗಿರಬೇಕು. ಹಳೇ ಶಾಕ್ ಅಬ್ಸಾರ್ಬರ್ ಹಾಗೇ ಬಿಟ್ಟು ಸ್ಪ್ರಿಂಗ್ ಮಾತ್ರ ಬದಲಾಯಿಸೋದು ಅಂದರೆ ಉಳಿದ ಕೋಡ್ ಓದದೆ ಒಂದು ನಂಬರ್ ಮಾತ್ರ ಬದಲಾಯಿಸಿ ಪ್ರೊಡಕ್ಷನ್ನಿಗೆ ಬಿಟ್ಟ ಹಾಗೆ.

ಹ್ಯಾಂಡ್ಲಿಂಗ್ ಸುಧಾರಿಸುತ್ತೆ ಅನ್ನೋ ವಾದ ಇನ್ನೊಂದು. ಗುರುತ್ವ ಕೇಂದ್ರ ಕೆಳಗೆ ಬರುತ್ತೆ, ತಿರುವಿನಲ್ಲಿ ಕಾರು ಕಡಿಮೆ ವಾಲುತ್ತೆ. ಕೇಳೋಕೆ ಸರಿ. ಆದರೆ ಎಸ್ಟೀಮಿನಂಥ ಮ್ಯಾಕ್‌ಫರ್ಸನ್ ಸ್ಟ್ರಟ್ ಕಾರಿನಲ್ಲಿ ಒಂದು ಕೊಕ್ಕೆ ಇದೆ. ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ, ಅದು ಕೆಳಗಿನ ತೋಳು ನಿಂತಿರುವ ಕೋನದ ಮೇಲೆ ಅವಲಂಬಿಸಿರುತ್ತೆ. ಕಾರು ತಗ್ಗಿದಾಗ ಆ ತೋಳಿನ ಒಳತುದಿ ಕೆಳಗಿಳಿಯುತ್ತೆ, ಆಗ ಆ ಬಿಂದು ಗುರುತ್ವ ಕೇಂದ್ರಕ್ಕಿಂತಲೂ ಬೇಗ ಕೆಳಗೆ ಜಾರುತ್ತೆ. ಎರಡರ ನಡುವಿನ ದೂರ ಹೆಚ್ಚಾಯ್ತು ಅಂದರೆ ವಾಲಿಸುವ ಬಲದ ಸನ್ನೆ ಉದ್ದವಾಯ್ತು ಅಂತ ಅರ್ಥ. ಸ್ಪ್ರಿಂಗ್ ಗಡಸಾಗಿ ಉಳಿಸಿದ್ದರಲ್ಲಿ ಒಂದು ಪಾಲನ್ನು ಈ ಸನ್ನೆ ತಿಂದುಹಾಕುತ್ತೆ. ರ‍್ಯಾಲಿ ತಂಡಗಳು ಇದನ್ನೆಲ್ಲ ಲೆಕ್ಕ ಹಾಕಿ ತೋಳಿನ ಕೀಲನ್ನೇ ಬೇರೆ ಜಾಗಕ್ಕೆ ಒಯ್ಯುತ್ತಾರೆ. ನಾವು ಸ್ಪ್ರಿಂಗ್ ಒಂದನ್ನೇ ಬದಲಾಯಿಸಿ "ಹ್ಯಾಂಡ್ಲಿಂಗ್ ಸೂಪರ್ ಆಯ್ತು ಮಗಾ" ಅಂತೀವಿ. ನಿಜವಾಗಿ ಆಗಿರೋದು ಕಾರು ಗಡಸಾಗಿದ್ದು, ಗಡಸಾಗಿದ್ದನ್ನೇ ನಮ್ಮ ಬೆನ್ನು ವೇಗ ಅಂತ ಓದಿಕೊಂಡಿದ್ದು. ಚೆಂದಕ್ಕೆ ತಗ್ಗಿಸಿದರೆ ಚೆಂದಕ್ಕೆ ಅಂತಲೇ ಹೇಳಿ, ಅದರಲ್ಲಿ ನಾಚಿಕೆ ಏನಿಲ್ಲ. ಹ್ಯಾಂಡ್ಲಿಂಗಿನ ಹೆಸರು ಬೇಡ ಅಷ್ಟೆ.

ಇನ್ನು ನಮ್ಮ ರಸ್ತೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆ ಪ್ರಕಾರ ಹಂಪ್ ಅಂದರೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ ದುಂಡನೆಯ ಉಬ್ಬು, ಗಂಟೆಗೆ 25 ಕಿ.ಮೀ. ವೇಗಕ್ಕೆ ಮಾಡಿದ್ದು. ಎಸ್ಟೀಮಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 2.365 ಮೀಟರ್. ಅಂಥ ಹಂಪಿನ ನೆತ್ತಿ ಕಾರಿನ ಹೊಟ್ಟೆಯ ನಡುಮಧ್ಯೆ ಬಂದಾಗ ಚಕ್ರಗಳೂ ಹಂಪಿನ ಮೇಲೇ ಇರುತ್ತವೆ, ಹಾಗಾಗಿ ಅದು ನುಂಗೋದು ನಾಲ್ಕು ಸೆಂ.ಮೀ. ಜಾಗ ಅಷ್ಟೇ. ಆದರೆ ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಹುಟ್ಟಿಕೊಳ್ಳೋ ಒಂದಡಿ ಅಗಲದ ಸಿಮೆಂಟ್ ದಿಂಡು ಇದೆಯಲ್ಲ, ಅದೇ 10 ಸೆಂ.ಮೀ. ಎತ್ತರ ಇದ್ದರೂ ಪೂರ್ತಿ ಹತ್ತೂ ಸೆಂ.ಮೀ. ನುಂಗುತ್ತೆ. ಯಾಕಂದ್ರೆ ಮುಂದಿನ ಚಕ್ರ ಆಗಲೇ ಇಳಿದಿರುತ್ತೆ, ಹಿಂದಿನದು ಇನ್ನೂ ಹತ್ತಿರೋದಿಲ್ಲ. ತಗ್ಗಿಸಿದ ಕಾರಿನ ಸೈಲೆನ್ಸರ್ ಪೈಪು ಕಿರ್ರೋ ಅನ್ನೋದು ಅಲ್ಲೇ. ದಿಂಡು ಹಾಕಿದವರನ್ನು ಬೈಯೋಣ, ಖಂಡಿತ ಬೈಯೋಣ. ಆದರೆ ಅವರನ್ನು ಬೈದಷ್ಟಕ್ಕೆ ಪೈಪು ಮೇಲೇರೋದಿಲ್ಲ.

ಕಾನೂನಿನ ಮಾತೂ ಬರುತ್ತೆ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ವಾಹನ ಬದಲಾಯಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನನ್ನು ವಿವರಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಬದಲಾವಣೆ ಮಾಡಿದ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಅಂತ ಸೇರಿಸಿದರು. ಕಾಯ್ದೆಯ ಪ್ರಕಾರ ಬದಲಾವಣೆ ಅಂದರೆ ವಾಹನದ ಮೂಲ ಲಕ್ಷಣವನ್ನೇ ಬದಲಿಸುವಂಥ ರಚನೆಯ ಬದಲಾವಣೆ. ಎರಡು ಸೆಂ.ಮೀ. ಗಿಡ್ಡ ಸ್ಪ್ರಿಂಗ್ ಅದರೊಳಗೆ ಬರುತ್ತಾ? ನಾನು ವಕೀಲನಲ್ಲ, ವಾದಕ್ಕೆ ಜಾಗ ಇದೆ ಅನ್ನಿಸುತ್ತೆ. ಆದರೆ ಹದಿನೈದು ವರ್ಷ ದಾಟಿದ ಕಾರಿನವರು ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸೋಕೆ ಕಾರನ್ನು ಇನ್ಸ್‌ಪೆಕ್ಟರ್ ಮುಂದೆ ನಿಲ್ಲಿಸಲೇಬೇಕು. ಆ ವಾದವನ್ನು ಅಲ್ಲಿ ಆರ್‌ಟಿಓ ಅಂಗಳದಲ್ಲಿ, ಬಿಸಿಲಲ್ಲಿ ನಿಂತು ಮಾಡೋ ಪರಿಸ್ಥಿತಿ ಯಾರಿಗೂ ಬೇಡ. ಹಳೇ ಕಾರು ಉಳಿಸಿಕೊಳ್ಳೋದೇ ಒಂದು ಹೋರಾಟ ಆಗಿರುವಾಗ, ತಿರಸ್ಕರಿಸೋಕೆ ನಾವೇ ಒಂದು ಕಾರಣ ಕೈಗೆ ಕೊಡೋದು ಯಾವ ಜಾಣತನ? ನನಗೆ ನಿಜವಾದ ಭಯ ಇರೋದು ಇಲ್ಲೇ. ಇಂಥ ಕಾರುಗಳು ರಸ್ತೆಯಲ್ಲಿ ದಿನೇ ದಿನೇ ಕಡಿಮೆಯಾಗ್ತಿವೆ. ಕತ್ತರಿಸಿದ ಸ್ಪ್ರಿಂಗಿನಿಂದ ಹಾಳಾಗೋ ಒಂದೊಂದು ಕಾರೂ ಮತ್ತೆ ತಯಾರಾಗೋದಿಲ್ಲ.

ಹಾಗಾದರೆ ಏನು ಮಾಡಬೇಕು?

ಮೊದಲು ಅಳೆಯಿರಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರದ ಮಧ್ಯಬಿಂದುವಿನಿಂದ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿಯಿರಿ. ನೆಲದಿಂದ ಅಳೆದರೆ ಟೈರು, ಗಾಳಿ ಎಲ್ಲ ಸೇರಿ ದಾರಿ ತಪ್ಪಿಸುತ್ತವೆ. ನಾಲ್ಕು ಕಡೆ ನಾಲ್ಕು ಅಂಕಿ ಬರುತ್ತೆ. ಎಡಕ್ಕೂ ಬಲಕ್ಕೂ ಹತ್ತು ಮಿ.ಮೀ. ವ್ಯತ್ಯಾಸ ಇದ್ದರೆ ಕಾರು ಆಗಲೇ ತಗ್ಗಿದೆ, ನೀವು ತಗ್ಗಿಸಬೇಕಾಗಿಲ್ಲ :-) ಇಪ್ಪತ್ತು ವರ್ಷ ಭಾರ ಹೊತ್ತ ಸ್ಪ್ರಿಂಗ್ ಕುಗ್ಗೋದು ಸಹಜ. ತುಕ್ಕು ತಿಂದಿದ್ದರೆ ಮೆತ್ತಗೂ ಆಗಿರುತ್ತೆ. 11 ಮಿ.ಮೀ. ತಂತಿಯಲ್ಲಿ ಅರ್ಧ ಮಿ.ಮೀ. ಹೋದರೂ ಗಡಸುತನ ಶೇ. 17 ಹೋಯ್ತು, ಆ ನಾಲ್ಕನೇ ಘಾತದ ಕೃಪೆ.

ಎರಡನೆಯದು, ತೋಳಿನ ರಬ್ಬರ್ ಬುಷ್, ಸ್ಟ್ರಟ್ಟಿನ ತಲೆಯ ಮೌಂಟ್, ಬಾಲ್ ಜಾಯಿಂಟ್, ನಾಲ್ಕೂ ಶಾಕ್ ಅಬ್ಸಾರ್ಬರ್, ನಾಲ್ಕು ಹೊಸ ಸ್ಟ್ಯಾಂಡರ್ಡ್ ಸ್ಪ್ರಿಂಗ್. ಒಳ್ಳೇ ಟೈರು, ವೀಲ್ ಅಲೈನ್‌ಮೆಂಟ್. ಇಷ್ಟಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಐದಕ್ಕೆದ್ದು ನಂದಿಬೆಟ್ಟದ ಕಡೆಗೋ, ಶಿರಾಡಿ ಘಾಟಿಗೋ ಹೋಗಿಬನ್ನಿ. ಕಾರು ಹೊಸದಾಗಿದ್ದಾಗ ಅದನ್ನು ಓಡಿಸಿದವರು ಅಪ್ಪ, ಚಿಕ್ಕಪ್ಪ. ನಮ್ಮಲ್ಲಿ ಎಷ್ಟೋ ಜನಕ್ಕೆ ಈ ಕಾರು ಸುಸ್ಥಿತಿಯಲ್ಲಿ ಹೇಗಿತ್ತು ಅನ್ನೋದೇ ಗೊತ್ತಿಲ್ಲ. ಸೋತ ಕಾರನ್ನೇ ಮೂಲ ಅಂದುಕೊಂಡು ಅದಕ್ಕಿಂತ ಚೆನ್ನಾಗಿ ಮಾಡೋಕೆ ಹೊರಟಿರ್ತೀವಿ.

ಮೂರನೆಯದು, ಅದಾದ ಮೇಲೂ ತಗ್ಗಿಸಲೇಬೇಕು ಅನ್ನಿಸಿದರೆ, 15ರಿಂದ 20 ಮಿ.ಮೀ., ಅದಕ್ಕಿಂತ ಬೇಡ. ಈ ಕಾರು ಜಗತ್ತಿನಲ್ಲಿ ಒಂಟಿ ಅಲ್ಲ. ಸುಜುಕಿಯ ಎರಡನೇ ತಲೆಮಾರಿನ ಕಲ್ಟಸ್ ಇದರ ಮೂಲ. ಅದೇ ಕಾರು ಯುರೋಪಿನಲ್ಲಿ ಸ್ವಿಫ್ಟ್, ಅಮೆರಿಕದಲ್ಲಿ ಜಿಯೋ ಮೆಟ್ರೋ, ಆಸ್ಟ್ರೇಲಿಯಾದಲ್ಲಿ ಹೋಲ್ಡನ್ ಬರಿನಾ, ಪಾಕಿಸ್ತಾನದಲ್ಲಿ ಸೆಡಾನ್ ರೂಪಕ್ಕೆ ಮಾರ್ಗಲ್ಲಾ. ಹಂಗೆರಿಯ ಎಸ್ಟರ್‌ಗೋಮ್‌ನಲ್ಲಿ 2003ರವರೆಗೂ ತಯಾರಾಯ್ತು. ಹಾಗಾಗಿ ಹುಡುಕುವಾಗ ಎಸ್ಟೀಮ್ ಅಂತ ಒಂದೇ ಹೆಸರು ಹಿಡಿದುಕೊಂಡು ಕೂರಬೇಡಿ. ಆದರೆ ಹೆಸರು ಹೊಂದಿತು ಅಂತ ಸ್ಪ್ರಿಂಗ್ ಹೊಂದುತ್ತೆ ಅನ್ನೋ ಹಾಗಿಲ್ಲ. ಅವುಗಳಲ್ಲಿ ಬಹಳಷ್ಟು ಸಣ್ಣ ಹ್ಯಾಚ್‌ಬ್ಯಾಕ್‌ಗಳು, ಡಿಕ್ಕಿ ಇರೋ ನಮ್ಮ ಕಾರಿಗಿಂತ ಹಿಂದಿನ ಭಾರ ಕಡಿಮೆ. ಅಳತೆ ತರಿಸಿಕೊಂಡು ಹೋಲಿಸಿ ನೋಡದೆ ದುಡ್ಡು ಕಳಿಸಬೇಡಿ.

ಇಲ್ಲವಾದರೆ ಸ್ಪ್ರಿಂಗ್ ಸುತ್ತಿಕೊಡುವ ಕಾರ್ಖಾನೆಯಲ್ಲಿ ಮಾಡಿಸಿ. ಅಲ್ಲಿ ಹೋಗಿ "ಎಸ್ಟೀಮಿಗೆ ಲೋವರಿಂಗ್ ಸ್ಪ್ರಿಂಗ್ ಬೇಕು" ಅಂದರೆ ಅವರಿಗೇನು ಗೊತ್ತಾಗುತ್ತೆ ಪಾಪ? ತಂತಿಯ ದಪ್ಪ, ಸುರುಳಿಯ ಅಗಲ, ಸುತ್ತು ಎಷ್ಟು, ಭಾರ ಇಲ್ಲದಾಗಿನ ಉದ್ದ, ಎರಡೂ ತುದಿಯ ಆಕಾರ, ಎಷ್ಟು ಭಾರಕ್ಕೆ ಎಷ್ಟು ಉದ್ದಕ್ಕೆ ಬರಬೇಕು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಸಿಲಿಕಾನ್ ಮ್ಯಾಂಗನೀಸ್ ಅಥವಾ ಕ್ರೋಮ್ ವೆನೇಡಿಯಂ ಸ್ಪ್ರಿಂಗ್ ಉಕ್ಕು ಅಂತ ಹೇಳಿ. ಹದ ಮಾಡಿದ ಮೇಲೆ ಸಣ್ಣ ಉಕ್ಕಿನ ಗುಂಡುಗಳನ್ನು ಹೊಡೆದು ಮೇಲ್ಮೈ ಗಟ್ಟಿ ಮಾಡ್ತೀರಾ, ಪೂರ್ತಿ ಒತ್ತಿ ಬಿಟ್ಟು ಉದ್ದ ಸ್ಥಿರ ಮಾಡ್ತೀರಾ ಅಂತ ಕೇಳಿ. ಇವೆರಡಕ್ಕೂ "ಹೂಂ" ಅಂದವರ ಹತ್ತಿರ ಮಾತ್ರ ಮಾಡಿಸಿ. ಆ ಹಾಳೆ ಇಲ್ಲದೆ ಹೋಗೋದಾದರೆ ಹೋಗಲೇಬೇಡಿ.

ಗ್ಯಾರೇಜಿನವರು ಕತ್ತರಿಸ್ತಾರೆ ಅಂತ ಅವರನ್ನೊಬ್ಬರನ್ನೇ ದೂರೋದು ನನಗೆ ಸರಿ ಕಾಣೋದಿಲ್ಲ. ಅವರ ಮುಂದೆ ನಾವು ಇಡೋದು ಒಂದು ಫೋಟೋ, "ಹಿಂಗ್ ಕಾಣ್ಬೇಕು" ಅನ್ನೋ ಒಂದು ಮಾತು. ಫೋಟೋ ತೋರಿಸಿದವರಿಗೆ ಫೋಟೋದಂಥ ಕಾರು ಕೊಡ್ತಾರೆ. ಅಂಕಿ ಇಟ್ಟವರಿಗೆ ಅಂಕಿಯ ಪ್ರಕಾರ ಕೆಲಸ ಮಾಡಿಕೊಡೋ ಮೇಸ್ತ್ರಿಗಳೂ ಇದೇ ಊರಲ್ಲಿದ್ದಾರೆ, ನಾನು ನೋಡಿದ್ದೀನಿ.

ನಿಮ್ಮಲ್ಲಿ ಯಾರ ಹತ್ತಿರವಾದರೂ ಹಳೇ ಝೆನ್, ಎಸ್ಟೀಮ್, ಮಾರುತಿ 800 ಇದ್ದರೆ ಈ ಭಾನುವಾರ ಟೇಪ್ ಹಿಡಿದು ನಾಲ್ಕೂ ಮೂಲೆ ಅಳೆದು, ಬಂದ ಅಂಕಿಗಳನ್ನು ಕೆಳಗೆ ಬರೆಯಿರಿ. ಕನ್ನಡದಲ್ಲಿ ಇಂಥದ್ದೊಂದು ಪಟ್ಟಿ ಇದ್ದರೆ ನಾಳೆ ಹುಡುಕಿಕೊಂಡು ಬರೋ ಇನ್ನೊಬ್ಬ ಹುಡುಗ ಗ್ಯಾಸ್ ಕಟರ್ ಕಡೆ ಹೋಗದೇ ಇರಬಹುದು. ನನ್ನ ಲೆಕ್ಕ ಒಪ್ಪದವರೂ ಬರೆಯಿರಿ, ಜಗಳ ಆಡೋಣ. ಆದರೆ ಅಂಕಿ ಸಮೇತ ಬನ್ನಿ :-)